ಸರದಿಯಲ್ಲಿ ಬಂದ ಹೆಸರುಗಳು

ನೆಟ್‌ವರ್ಕ್ ಮಾರ್ಕೆಟಿಂಗ್ ಅಂದ ಕೂಡಲೇ ನಮ್ಮ ಕಡೆ ಜನ ದೂರ ಸರಿಯುತ್ತಾರೆ. ಸಾಮಾನು ಮಾರುವುದರ ಜೊತೆಗೆ ಮಾರುವವರನ್ನೂ ತಮ್ಮ ಕೆಳಗೆ ಸೇರಿಸಿ, ಅವರ ಮಾರಾಟದಿಂದಲೂ ಕಮಿಷನ್ ಪಡೆಯುವ ವ್ಯವಹಾರ ಇದು. ಸಾಮಾನಿನ ಮೇಲೆ ಅವರಿಗೆ ಸಿಟ್ಟಿಲ್ಲ. ಸೋಪು, ಟೀ ಪುಡಿ, ತಲೆಗೆ ಹಚ್ಚುವ ಎಣ್ಣೆ ಎಲ್ಲರ ಮನೆಗೂ ಬೇಕು. ಹೆದರಿಕೆ ಇರುವುದು ಸೇರಿಸಲು ಬರುವವರ ಬಗ್ಗೆ. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರು "ಒಂದು ಒಳ್ಳೆ ಅವಕಾಶ ಉಂಟು, ಒಮ್ಮೆ ಮಾತಾಡುವ" ಎಂದು ಶುರು ಮಾಡಿದರೆ ಯಾರಿಗೇ ಆದರೂ ಊಟ ಸೇರುವುದಿಲ್ಲ.

ಆ ಕೆಲಸ ನನಗೆ ಬೇಡ ಎಂದು ಬಹಳ ಕಾಲ ದೂರವೇ ಇದ್ದೆ. ಕೊನೆಗೆ ಒಳಗೆ ಬಂದದ್ದು ಒಂದೇ ಕಾರಣಕ್ಕೆ. ಈ ಟೀಮಿನಲ್ಲಿ ಒಬ್ಬೊಬ್ಬರೇ ನೆಂಟರಿಷ್ಟರ ಬೆನ್ನು ಹತ್ತುವುದಿಲ್ಲ, ಎಲ್ಲರೂ ಸೇರಿ ಆನ್‌ಲೈನ್‌ನಲ್ಲಿ ಜನರನ್ನು ಹುಡುಕುತ್ತಾರೆ, ಬಂದ ಹೆಸರುಗಳನ್ನು ಸರದಿ ಪ್ರಕಾರ ಹಂಚಿಕೊಳ್ಳುತ್ತಾರೆ ಎಂದು ಕೇಳಿದೆ. ಆ ಸರದಿ ಹೇಗೆ ನಡೆಯಿತು, ಎಲ್ಲಿ ಸರಿಹೋಗಲಿಲ್ಲ, ಅದನ್ನು ನಾವು ಹೇಗೆ ಬದಲಾಯಿಸಿಕೊಂಡೆವು ಎಂದು ಇಲ್ಲಿ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಬರೆಯುವುದಿಲ್ಲ. ಯಾವ ಕಂಪನಿಯಾದರೂ ಟೀಮ್ ನಡೆಸುವ ರೀತಿ ಹೆಚ್ಚು ಕಡಿಮೆ ಇದೇ.

ನಾನು ಉಡುಪಿಯಲ್ಲಿ ಪಿಗ್ಮಿ ಕಲೆಕ್ಷನ್ ಮಾಡುವವಳು. ಒಂದು ಸಹಕಾರಿ ಸಂಘದ ಪರವಾಗಿ ಸರ್ವಿಸ್ ಬಸ್ ನಿಲ್ದಾಣದ ಸುತ್ತಮುತ್ತ, ಕಲ್ಸಂಕದವರೆಗೆ ಅಂಗಡಿ ಅಂಗಡಿ ಹೋಗುತ್ತೇನೆ. ಪಿಗ್ಮಿ ಹುಟ್ಟಿದ್ದೇ ನಮ್ಮ ಊರಲ್ಲಿ ಅಲ್ವಾ. 1925ರಲ್ಲಿ ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಇದನ್ನು ತಂದಿತು. ದಿನಕ್ಕೆ ಎರಡಾಣೆ ಉಳಿಸಿದರೂ ಸಾಕು, ಏಜೆಂಟರು ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನ ಜೊತೆ ಸೇರಿಹೋಯಿತು. ಆದರೆ ಕೆಲಸದ ರೀತಿ ಹಾಗೆಯೇ ಉಂಟು. ಇವತ್ತು ದುಡ್ಡು ಕೊಟ್ಟವರ ಮುಖ ನಾಳೆಯೂ ನೋಡಬೇಕು, ನಾಡಿದ್ದೂ ನೋಡಬೇಕು. ಹಾಗಾಗಿ ಈ ಕೆಲಸದಲ್ಲಿ ಸುಳ್ಳು ಹೇಳಿ ಬದುಕಲು ಆಗುವುದಿಲ್ಲ. ಕಮಿಷನ್ ಕಡಿಮೆ, ನಡಿಗೆ ಜಾಸ್ತಿ. ಯುಪಿಐ ಬಂದ ಮೇಲೆ ಚಿಲ್ಲರೆ ಕೊಡುವವರೂ ಕಮ್ಮಿಯಾದರು. ಇನ್ನೊಂದು ಆದಾಯ ಬೇಕಿತ್ತು.

ನನ್ನನ್ನು ಸೇರಿಸಿದವರು ಬ್ರಹ್ಮಾವರದ ಒಬ್ಬ ಅಕ್ಕ. ಹೊಲಿಗೆ ಮಾಡುತ್ತಾರೆ. ಅವರ ಮನೆಯಲ್ಲಿ ಅದೇ ಕಂಪನಿಯ ಎಣ್ಣೆ, ಅದೇ ಸೋಪು ವರ್ಷಗಳಿಂದ ಬಳಸುತ್ತಿದ್ದರು. ತಾವು ಬಳಸಿದ್ದನ್ನೇ ಮಾರುತ್ತಿದ್ದರು. ಅದು ನನಗೆ ಇಷ್ಟವಾಯಿತು.

ಮೊದಲ ಝೂಮ್ ಮೀಟಿಂಗಿನಲ್ಲಿ, ನಮ್ಮೆಲ್ಲರ ಮೇಲಿನ ಸಾಲಿನಲ್ಲಿರುವ ಬೆಂಗಳೂರಿನ ಅಪ್‌ಲೈನ್ ಸರ್ ನನಗೆ ಕೊಟ್ಟ ಕೆಲಸ ಪಟ್ಟಿ ಬರೆಯುವುದು. "ನಿಮಗೆ ಗೊತ್ತಿರೋ ನೂರು ಜನರ ಹೆಸರು ಬರೀರಿ ಮೇಡಂ. ಯಾರು ಮಾಡ್ತಾರೆ, ಯಾರು ಮಾಡಲ್ಲ ಅಂತ ನೀವು ತೀರ್ಮಾನ ಮಾಡ್ಬೇಡಿ" ಎಂದರು. ನೂರು ಹೆಸರು ಬರೆಯುವುದು ನನಗೆ ಕಷ್ಟವಲ್ಲ. ಕಾರ್ಡು ನೋಡಿದರೆ ಇನ್ನೂರು ಹೆಸರು ಸಿಗುತ್ತದೆ. ಆದರೆ ಅವರೆಲ್ಲ ಪಿಗ್ಮಿ ಕಟ್ಟುವವರು. ಹಣ್ಣಿನ ಗಾಡಿಯವರು, ಜೆರಾಕ್ಸ್ ಅಂಗಡಿಯವರು, ಕ್ಷೌರದಂಗಡಿಯವರು. ಅವರ ಉಳಿತಾಯ ಎಷ್ಟು ಎಂದು ನನಗೆ ಗೊತ್ತು. ಆ ಗೊತ್ತಿರುವುದನ್ನು ಬಳಸಿಕೊಂಡು ಅವರ ಎದುರು ಇನ್ನೊಂದು ವ್ಯವಹಾರ ಇಡುವುದು ಸರಿಯಲ್ಲ. "ಸರ್, ಈ ಪಟ್ಟಿ ನಾನು ಕೊಡುವುದಿಲ್ಲ" ಎಂದೆ. ಅವರಿಗೆ ಬೇಸರವಾಯಿತು. ಆಗ ಬ್ರಹ್ಮಾವರದ ಅಕ್ಕ ಫೋನ್ ಮಾಡಿ, "ನೀವು ತಲೆಬಿಸಿ ಮಾಡ್ಬೇಡಿ. ನಮ್ಮಲ್ಲಿ ಸರದಿ ಉಂಟಲ್ಲ, ಅದಕ್ಕೆ ಸೇರಿ" ಎಂದರು.

ಸೇರುವ ಕೆಲಸ ಬೇಗ ಮುಗಿಯಿತು. ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಮೊದಲ ಪುಟ, ಒಂದು ಕರಾರು ಪತ್ರ. ಸೇರುವುದಕ್ಕೆ ಶುಲ್ಕ ಇರಲಿಲ್ಲ. ಇರಲೂಬಾರದು. ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೇ ಆ ಮಾತು ಉಂಟು. ಆದರೆ ಶುಲ್ಕ ಇಲ್ಲದ ಕಡೆ ದೊಡ್ಡ ಪ್ಯಾಕ್ ಇರುತ್ತದೆ. ಇಷ್ಟು ಸಾವಿರದ ಸಾಮಾನು ಒಮ್ಮೆಲೇ ತೆಗೆದುಕೊಂಡರೆ ಮೇಲಿನ ಹಂತದಿಂದ ಶುರು ಮಾಡಬಹುದು ಎನ್ನುತ್ತಾರೆ. ನಾನು ಮನೆಗೆ ಬೇಕಾದಷ್ಟು ಎಣ್ಣೆ, ಸೋಪು, ಟೀ ಪುಡಿ ಮಾತ್ರ ತೆಗೆದುಕೊಂಡೆ. ಅಕ್ಕನೂ ಹಾಗೆಯೇ ಮಾಡಿದ್ದರು, ಹಾಗಾಗಿ ಯಾರೂ ಒತ್ತಾಯ ಮಾಡಲಿಲ್ಲ.

ಇನ್ನು ಸರದಿಯ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ, ಒಳಗಿರುವವರಲ್ಲೂ ಎಷ್ಟೋ ಜನ ಕೇಳಿ ತಿಳಿದುಕೊಳ್ಳುವುದಿಲ್ಲ.

ನಮ್ಮ ಟೀಮಿನಲ್ಲಿ ಉಡುಪಿ, ಬ್ರಹ್ಮಾವರ, ಕುಂದಾಪುರ, ಕಾಪು, ಮಲ್ಪೆ, ಸುರತ್ಕಲ್‌ನವರು ಇದ್ದರು. ಎಲ್ಲರೂ ತಿಂಗಳಿಗೆ 500 ರೂಪಾಯಿ ಹಾಕಬೇಕು. ಆ ದುಡ್ಡಿನಲ್ಲಿ ಒಂದು ವೆಬ್ ಪುಟ, ಪೋಸ್ಟರ್, ಜಾಹೀರಾತು. ನೋಡಿದವರು ಪುಟಕ್ಕೆ ಹೋಗಿ ಹೆಸರು, ಊರು, ಫೋನ್ ನಂಬರ್ ತುಂಬುತ್ತಾರೆ. ಹಾಗೆ ಬಂದ ಹೆಸರಿಗೆ ಲೀಡ್ ಎನ್ನುತ್ತಾರೆ. ಮೊದಲ ಲೀಡ್ ಪಟ್ಟಿಯಲ್ಲಿ ಮೊದಲಿರುವವರಿಗೆ, ಎರಡನೆಯದು ಎರಡನೆಯವರಿಗೆ. ಪಟ್ಟಿ ಮುಗಿದರೆ ಮತ್ತೆ ಮೇಲಿನಿಂದ. ಇದಕ್ಕೆ ರೊಟೇಟರ್ ಎಂದು ಹೆಸರು. ಎರಡು ಪಾಲು ಹಾಕಿದವರಿಗೆ ಒಂದು ಸುತ್ತಿನಲ್ಲಿ ಎರಡು ಹೆಸರು.

ಇದರ ಮೇಲೆ ಇನ್ನೊಂದು ಪದರ ಉಂಟು. ಒಬ್ಬರ ಕೆಳಗೆ ನೇರವಾಗಿ ಮೂವರು ಸೇರಿದರೆ ಅವರ ಮೊದಲ ಸಾಲು ತುಂಬಿತು ಎಂದು ಲೆಕ್ಕ. ಆಮೇಲೆ ಅವರ ಸರದಿಗೆ ಬಂದ ಹೆಸರನ್ನು ಅವರ ಕೆಳಗಿನವರಲ್ಲಿ ಯಾರಿಗೆ ಇನ್ನೂ ಮೂವರಾಗಿಲ್ಲವೋ ಅವರ ಕೆಳಗೆ ಕೂರಿಸುತ್ತಾರೆ. ಸೇರಿಸಿದವರು ಸ್ಪಾನ್ಸರ್. ಯಾರ ಕೆಳಗೆ ಕೂರಿಸಿದರೋ ಅದು ಪ್ಲೇಸ್‌ಮೆಂಟ್. ಎರಡೂ ಬೇರೆ ಬೇರೆ. ಎಡಗಾಲು ಬಲಗಾಲು ಎಂದು ಎರಡೇ ಕಡೆ ಬೆಳೆಸುವ ಬೈನರಿ ಪ್ಲಾನ್‌ಗಳಲ್ಲಿ ಮೇಲಿನವರ ಜನ ಹೀಗೆ ಕೆಳಗೆ ಇಳಿಯುವುದನ್ನು ಸ್ಪಿಲ್‌ಓವರ್ ಎನ್ನುತ್ತಾರೆ. ಹೊಸಬರಿಗೆ ಇದನ್ನೇ ಆಸೆಯಾಗಿ ತೋರಿಸುತ್ತಾರೆ. "ನೀವು ಸುಮ್ನೆ ಇದ್ದರೂ ನಿಮ್ಮ ಕೆಳಗೆ ಜನ ಬರ್ತಾರೆ" ಎಂದು.

ಈ ಸರದಿಯಲ್ಲಿ ನನಗೆ ನಿಜಕ್ಕೂ ಒಳ್ಳೆಯದು ಕಂಡದ್ದು ಅದರ ನ್ಯಾಯ. ಕುಂದಾಪುರದ ಮಾಸ್ಟ್ರು ನಿವೃತ್ತರು, ಊರೆಲ್ಲ ಗೊತ್ತು. ಮಲ್ಪೆಯ ಅಕ್ಕನಿಗೆ ಬಂದರು ಬಿಟ್ಟು ಹೊರಗಿನವರ ಪರಿಚಯ ಇಲ್ಲ. ಸರದಿಯಲ್ಲಿ ಇಬ್ಬರೂ ಒಂದೇ. ಗೂಗಲ್ ಶೀಟ್ ಎಲ್ಲರಿಗೂ ಕಾಣುತ್ತಿತ್ತು. ಯಾರಿಗೆ ಯಾವ ಹೆಸರು ಹೋಯಿತು ಎಂದು ಮುಚ್ಚಿಡುವ ಹಾಗಿರಲಿಲ್ಲ. ಕಾಪುವಿನ ಹುಡುಗ ಮೊಬೈಲ್ ಅಂಗಡಿ ಇಟ್ಟುಕೊಂಡವ. ಪುಟ, ಶೀಟು ಎಲ್ಲ ಅವನೇ ನೋಡಿಕೊಳ್ಳುತ್ತಿದ್ದ. ಅದಕ್ಕೆ ಒಂದು ರೂಪಾಯಿಯೂ ತೆಗೆದುಕೊಳ್ಳುತ್ತಿರಲಿಲ್ಲ.

ಫೋನ್ ಮಾಡಲು ಶುರು ಮಾಡಿದ ಮೇಲೆ ನಿಜವಾದ ಪರಿಸ್ಥಿತಿ ಗೊತ್ತಾಯಿತು. ಆ ದಿನಗಳಲ್ಲಿ ನಾವು ಬಳಸುತ್ತಿದ್ದುದು ಮೇಲಿನಿಂದ ಬಂದ ತಯಾರಾದ ಪೋಸ್ಟರ್‌ಗಳನ್ನು. "ಮನೆಯಲ್ಲೇ ಕೂತು ಕೆಲಸ", "ಪಾರ್ಟ್ ಟೈಮ್, ಮಹಿಳೆಯರಿಗೂ ವಿದ್ಯಾರ್ಥಿಗಳಿಗೂ". ಕಂಪನಿಯ ಹೆಸರಿಲ್ಲ, ಸಾಮಾನಿನ ಚಿತ್ರವಿಲ್ಲ. ಅವನ್ನು ಊರೂರಿನ ವಾಟ್ಸ್‌ಆ್ಯಪ್, ಫೇಸ್‌ಬುಕ್ ಗುಂಪುಗಳಿಗೆ ಹಾಕುತ್ತಿದ್ದರು. ನೋಡಿದವರು ಏನು ಅಂದುಕೊಳ್ಳುತ್ತಾರೆ? ಕೆಲಸ ಕೊಡುತ್ತಾರೆ ಎಂದೇ ಅಂದುಕೊಳ್ಳುತ್ತಾರೆ. ಫೋನ್ ತೆಗೆದವರು ಕೇಳುತ್ತಿದ್ದುದು ಸಂಬಳ ಎಷ್ಟು, ಪಿಎಫ್ ಉಂಟಾ, ಯಾವಾಗಿನಿಂದ ಬರಬೇಕು ಎಂದು.

ಒಂದು ಕರೆ ನನಗೆ ಚೆನ್ನಾಗಿ ನೆನಪುಂಟು. ರಾಣೆಬೆನ್ನೂರು ಕಡೆಯ ಒಬ್ಬ ತಾಯಿ. ಮಗಳು ಡಿಗ್ರಿ ಮುಗಿಸಿ ಮನೆಯಲ್ಲಿದ್ದಾಳೆ, ಅವಳ ಹೆಸರಿನಲ್ಲಿ ಫಾರ್ಮ್ ತುಂಬಿದ್ದು ತಾಯಿಯೇ. "ಉಡುಪಿ ಕಡೀ ಮಂದಿ ಅಂದ್ರ ಬ್ಯಾಂಕ್‌ನ್ಯಾಗ ಇರ್ತಾರ್ರೀ, ನೀವು ಕೆಲಸ ಕೊಡ್ತೀರಿ ಅಂತ ನಂಬೇನ್ರೀ" ಎಂದರು. ನಾನು ಹೇಳಿದೆ, "ಅಮ್ಮ, ಇದು ಸಂಬಳದ ಕೆಲಸ ಅಲ್ಲ. ಸಾಮಾನು ಮಾರಿದರೆ ಕಮಿಷನ್ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಮೊದಲು ನಿಮ್ಮ ಕೈಯಿಂದ ಸ್ವಲ್ಪ ಹೋಗುತ್ತದೆ." ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಹೌದೇನ್ರೀ, ಹೇಳಿದ್ದು ಛಲೋ ಆತು" ಎಂದು ಇಟ್ಟರು.

ಅದು ತ್ರೀ ವೇ ಕಾಲ್. ಹೊಸಬರಿಗೆ ಕಲಿಸಲೆಂದು ಅಪ್‌ಲೈನ್ ಸರ್ ಕೂಡ ಲೈನಿನಲ್ಲಿ ಇದ್ದರು. ಆಮೇಲೆ ಅವರು, "ಅಷ್ಟು ಬೇಗ ಅದೆಲ್ಲ ಹೇಳ್ಬಾರ್ದು ಮೇಡಂ. ಮೊದಲು ಝೂಮ್‌ಗೆ ಕರೀರಿ, ಕನಸು ತೋರಿಸಿ" ಎಂದರು. ನಾನು ಒಪ್ಪಲಿಲ್ಲ. ಆ ತಾಯಿ ಎದುರು ಕೂತಿದ್ದರೆ ಸರ್ ಕೂಡ ಹಾಗೆ ಹೇಳುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಪಕ್ಕದ ಮನೆಯವರನ್ನು ಸೇರಿಸಿದರೆ ನಾಳೆ ಬಾವಿಕಟ್ಟೆಯಲ್ಲಿ ಮುಖ ನೋಡಬೇಕು. ರಾಣೆಬೆನ್ನೂರಿನವರನ್ನು ಶೀಟಿನಲ್ಲಿ ಬಂದ ಒಂದು ಸಾಲು ಎಂದು ಮರೆತುಬಿಡಬಹುದು. ನೆಂಟರನ್ನು ಪೀಡಿಸಬಾರದು ಎಂದು ನಾವು ಸರದಿ ಮಾಡಿಕೊಂಡೆವು. ಆದರೆ ನೆಂಟರ ಮೇಲೆ ಇರುವ ಹೊಣೆ ಸರದಿಯಲ್ಲಿ ಬಂದವರ ಮೇಲೆ ತಾನಾಗಿ ಬರುವುದಿಲ್ಲ. ಅದನ್ನು ನಾವೇ ನಿಯಮ ಮಾಡಿ ತರಬೇಕು. ಈ ವ್ಯವಹಾರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದೇ.

ನನ್ನ ತಂಗಿಯ ಮಗ ಮಂಗಳೂರಿನಲ್ಲಿ ಬಿ.ಕಾಂ. ಓದುತ್ತಿದ್ದ. ರಜೆಗೆ ಬಂದಾಗ ನನ್ನ ಶೀಟು ನೋಡಿ, "ದೊಡ್ಡಮ್ಮ, ಇದರ ಲೆಕ್ಕ ಒಮ್ಮೆ ಹಾಕುವ" ಎಂದ. ಕ್ಯಾಲೆಂಡರಿನ ಹಿಂದೆ ಬರೆಯುತ್ತಾ ಹೋದ. ಒಬ್ಬರು ಐದು ಜನರನ್ನು ಸೇರಿಸಿ, ಅವರಲ್ಲಿ ಪ್ರತಿಯೊಬ್ಬರೂ ಐದೈದು ಜನರನ್ನು ಸೇರಿಸಿದರೆ? 5, 25, 125, 625, 3,125, 15,625, 78,125. ಎಂಟನೇ ಹಂತದಲ್ಲಿ 3,90,625. ಒಂಬತ್ತನೇ ಹಂತದಲ್ಲಿ 19,53,125. 2011ರ ಜನಗಣತಿಯಲ್ಲಿ ಇಡೀ ದಕ್ಷಿಣ ಕನ್ನಡ ಜಿಲ್ಲೆಯ ಜನಸಂಖ್ಯೆ 20,89,649. ಅದರಲ್ಲಿ ತೊಟ್ಟಿಲ ಮಕ್ಕಳೂ ಸೇರಿದ್ದಾರೆ. ಹತ್ತನೇ ಹಂತಕ್ಕೆ 97,65,625 ಜನ ಬೇಕು. ದಕ್ಷಿಣ ಕನ್ನಡಕ್ಕೆ ಉಡುಪಿಯ 11,77,361 ಸೇರಿಸಿದರೂ 33 ಲಕ್ಷ ಮುಟ್ಟುವುದಿಲ್ಲ.

ಈ ಲೆಕ್ಕ ಹಲವರು ಹೇಳುತ್ತಾರೆ. ಅವನು ಅಲ್ಲಿಗೇ ನಿಲ್ಲಿಸಲಿಲ್ಲ. "ಯಾವ ಹಂತದಲ್ಲಿ ನಿಲ್ಲಿಸಿದರೂ ಕೊನೆಯ ಸಾಲಿನಲ್ಲಿ ಎಷ್ಟು ಜನ ನೋಡಿ" ಎಂದ. ಐದೈದರ ಲೆಕ್ಕದಲ್ಲಿ ಒಟ್ಟು ಜನರಲ್ಲಿ ಐದರಲ್ಲಿ ನಾಲ್ಕು ಪಾಲು ಯಾವಾಗಲೂ ಕೊನೆಯ ಸಾಲಿನಲ್ಲೇ ಇರುತ್ತಾರೆ. ಅವರ ಕೆಳಗೆ ಯಾರೂ ಇರುವುದಿಲ್ಲ. ನಮ್ಮ ಹಾಗೆ ಮೂರು ಮೂರು ಜನ ಎಂದರೂ ಮೂರರಲ್ಲಿ ಎರಡು ಪಾಲು. ಸರದಿ ಹಾಕಿ ಹಂಚಿದರೆ ಯಾರ ಕೆಳಗೆ ಯಾರು ಎನ್ನುವುದು ಬದಲಾಗುತ್ತದೆ. ಕೆಳಗೆ ಯಾರೂ ಇಲ್ಲದವರ ಪಾಲು ಬದಲಾಗುವುದಿಲ್ಲ. ಅಷ್ಟು ಜನರಿಗೆ ಏನಾದರೂ ಸಿಗಬೇಕಾದರೆ ಅದು ಗ್ರಾಹಕರಿಗೆ ಸಾಮಾನು ಮಾರಿಯೇ ಸಿಗಬೇಕು. ಬೇರೆ ದಾರಿ ಇಲ್ಲ.

ಅವನೇ 2021ರ ನಿಯಮಗಳ ಪ್ರತಿಯನ್ನು ಪ್ರಿಂಟ್ ಹಾಕಿಸಿ ತಂದುಕೊಟ್ಟ. ಗ್ರಾಹಕ ಸಂರಕ್ಷಣಾ ನೇರ ಮಾರಾಟ ನಿಯಮಗಳು ಎಂದು, ಆ ವರ್ಷದ ಡಿಸೆಂಬರ್ ಕೊನೆಗೆ ಜಾರಿಗೆ ಬಂದವು. ಪಿರಮಿಡ್ ಸ್ಕೀಮ್, ಅಂದರೆ ಜನ ಸೇರಿಸಿದ್ದಕ್ಕೇ ದುಡ್ಡು ಸಿಗುವ ವ್ಯವಹಾರ, ನಡೆಸುವುದು, ಅದಕ್ಕೆ ಜನ ಸೇರಿಸುವುದು ಎರಡಕ್ಕೂ ಅಲ್ಲಿ ನಿಷೇಧ. ಸಾಮಾನಿನ ಮಾರಾಟದಿಂದ ಬರುವ ಲಾಭ ಬೇರೆ, ಜನ ಸೇರಿದ ಮಾತ್ರಕ್ಕೆ ಸಿಗುವ ಲಾಭ ಬೇರೆ ಎಂದು ಅದು ಗೆರೆ ಎಳೆಯುತ್ತದೆ. ಮಾರುವವರು ಮಾತು ಶುರು ಮಾಡುವಾಗಲೇ ತಾವು ಯಾರು, ಯಾವ ಕಂಪನಿ, ಯಾವ ಸಾಮಾನು, ಯಾಕೆ ಬಂದದ್ದು ಎಂದು ನೇರವಾಗಿ ಹೇಳಬೇಕು. ಗುರುತಿನ ಚೀಟಿ ಇಲ್ಲದೆ, ಮೊದಲೇ ಕೇಳಿಕೊಳ್ಳದೆ ಗ್ರಾಹಕರ ಮನೆಗೆ ಹೋಗಬಾರದು. ಇನ್ನೊಬ್ಬರನ್ನು ತೋರಿಸಿಕೊಟ್ಟರೆ ನಿಮ್ಮ ಸಾಮಾನಿನ ದುಡ್ಡು ವಾಪಸ್ ಬಂದ ಹಾಗೆ ಎಂದು ಹೇಳಿ ಮಾರಬಾರದು. ಓದುವಾಗ ನನಗೆ ಕಂಡದ್ದು ನಮ್ಮ ಪೋಸ್ಟರ್. ಅದರಲ್ಲಿ ನಾವು ಯಾರು ಎಂದೇ ಇರಲಿಲ್ಲ.

ಒಂದು ಭಾನುವಾರ ಎಲ್ಲರೂ ಅಜ್ಜರಕಾಡಿನ ಭುಜಂಗ ಪಾರ್ಕಿನಲ್ಲಿ ಸೇರಿದೆವು. ಝೂಮ್‌ನಲ್ಲಿ ಆಗುವ ಮಾತಲ್ಲ ಎಂದು ನಾನೇ ಕರೆದೆ. ಸುರತ್ಕಲ್‌ನ ಗಂಡ ಹೆಂಡತಿ ಮಗುವನ್ನೂ ಕರೆದುಕೊಂಡು ಬಂದಿದ್ದರು. ನಾನು ಪೋಸ್ಟರಿನ ವಿಷಯ ಎತ್ತಿದೆ. ಕಾಪುವಿನ ಹುಡುಗ ಫೇಸ್‌ಬುಕ್‌ನಲ್ಲಿ ದುಡ್ಡು ಕೊಟ್ಟು ಜಾಹೀರಾತು ಹಾಕಲು ತಯಾರಿ ಮಾಡಿದ್ದ. ಅದರ ನಿಯಮವನ್ನು ಅಲ್ಲೇ ಫೋನಿನಲ್ಲಿ ತೆಗೆದು ಓದಿದೆವು. ಮಲ್ಟಿ ಲೆವೆಲ್, ಅಂದರೆ ನಮ್ಮಂಥ ನೆಟ್‌ವರ್ಕ್ ಮಾರ್ಕೆಟಿಂಗ್‌ನ ಆದಾಯದ ಅವಕಾಶ ಎಂದು ಜಾಹೀರಾತು ಹಾಕಲು ಅಲ್ಲಿ ಅವಕಾಶವಿಲ್ಲ. ಸಾಮಾನನ್ನು ಸಾಮಾನು ಎಂದು ತೋರಿಸಿ ಮಾರಬಹುದು.

"ಹಾಗಾದ್ರೆ ಜನ ಎಲ್ಲಿಂದ ಬರುದು ಅಕ್ಕ? ಎಣ್ಣೆ ಚಿತ್ರ ನೋಡಿ ಯಾರು ಸೇರ್ತಾರೆ?" ಎಂದು ಹುಡುಗ ಕೇಳಿದ. ಅವನ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಅವನು ರಾತ್ರಿ ಕೂತು ಕಟ್ಟಿದ ಪುಟ ಅದು.

ಮಾಸ್ಟ್ರು ನಿಧಾನಕ್ಕೆ ಹೇಳಿದರು. "ಎಣ್ಣೆ ಬೇಕಾದವರು ಬರ್ತಾರೆ ಮಾರಾಯ. ಅವರಲ್ಲಿ ಒಬ್ಬರಿಗೆ ಮಾರುವ ಮನಸ್ಸಾದರೆ ಆಗ ಸೇರ್ತಾರೆ. ಎಣ್ಣೆಯೇ ಬೇಡ ಅನ್ನುವವರನ್ನು ಸೇರಿಸಿ ಏನು ಮಾಡುದು?"

ಆಮೇಲೆ ತಂಗಿಯ ಮಗ ಹೇಳಿದ ಒಂದು ವಿಷಯವನ್ನು ನಾನು ಮುಂದಿಟ್ಟೆ. 1979ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಎಂಬ ಸರ್ಕಾರಿ ಸಂಸ್ಥೆ ಆಮ್ವೇ ಎಂಬ ನೆಟ್‌ವರ್ಕ್ ಮಾರ್ಕೆಟಿಂಗ್ ಕಂಪನಿಯ ಪ್ರಕರಣವನ್ನು ತೀರ್ಮಾನಿಸಿತು. ಅದು ಪಿರಮಿಡ್ ಅಲ್ಲ ಎಂದು ಹೇಳಲು ಕಂಪನಿಯ ಕೆಲವು ನಿಯಮಗಳು ಕಾರಣವಾದವು. ಕೊಂಡ ಸಾಮಾನಿನಲ್ಲಿ ಕನಿಷ್ಠ ಶೇ 70ರಷ್ಟು ಆ ತಿಂಗಳು ಮಾರಿರಬೇಕು. ತಿಂಗಳಿಗೆ ಹತ್ತು ಗ್ರಾಹಕರಿಗೆ ಮಾರಿರಬೇಕು. ಮಾರಾಟವಾಗದ ಸಾಮಾನನ್ನು ವಾಪಸ್ ತೆಗೆದುಕೊಳ್ಳಬೇಕು. ನಾವು ಹತ್ತು ಗ್ರಾಹಕರ ನಿಯಮವನ್ನು ಹಾಗೆಯೇ ಎತ್ತಿಕೊಳ್ಳೋಣ ಎಂದೆ. ಟೀಮಿಗೆ ಸೇರದ, ಬರೀ ಬಳಸುವ ಹತ್ತು ಗ್ರಾಹಕರು ಇರುವವರಿಗೆ ಮಾತ್ರ ಸರದಿಯಲ್ಲಿ ಜಾಗ.

ದೊಡ್ಡ ವಾದವೇ ಆಯಿತು. ಸುರತ್ಕಲ್‌ನವರಿಗೆ ಆಗ ಹತ್ತು ಗ್ರಾಹಕರು ಇರಲಿಲ್ಲ, ಆದರೆ ಜಾಹೀರಾತಿಗೆ ಎರಡು ಪಾಲು ಹಾಕುತ್ತಿದ್ದರು. "ದುಡ್ಡು ನಾವು ಹಾಕುದು, ಹೆಸರು ಬೇರೆಯವರಿಗೆ ಅಂದ್ರೆ ಹೇಗೆ?" ಎಂದರು. ಅವರ ಮಾತಿಗೆ ನಾವು ಬೆಲೆ ಕೊಟ್ಟೆವು. ಹತ್ತು ಗ್ರಾಹಕರು ಸಿಗುವವರೆಗೆ ಅಂಥವರಿಂದ ಜಾಹೀರಾತಿನ ದುಡ್ಡು ತೆಗೆದುಕೊಳ್ಳಬಾರದು ಎಂದು ಸೇರಿಸಿದೆವು. ಇನ್ನೆರಡು ಮಾತು ಬ್ರಹ್ಮಾವರದ ಅಕ್ಕ ಹೇಳಿದ್ದು. ಹೆಸರು ಸಿಕ್ಕಿದವರು ಅದೇ ದಿನ ಫೋನ್ ಮಾಡಬೇಕು. ಸೇರಿದವರಿಗೆ ಆರು ತಿಂಗಳು ಸೇರಿಸಿದವರೇ ಜವಾಬ್ದಾರಿ, ಪ್ಲೇಸ್‌ಮೆಂಟ್ ಯಾರ ಕೆಳಗಾದರೂ ಇರಲಿ. ಫೋನ್ ತೆಗೆಯದವರಿಗೆ ಮುಂದಿನ ಸುತ್ತಿನಲ್ಲಿ ಹೆಸರಿಲ್ಲ.

ಸುರತ್ಕಲ್‌ನವರು ಕೊನೆಗೆ ಬೇರೆ ಟೀಮಿಗೆ ಹೋದರು. ಹೋಗುವಾಗ ಆ ತಿಂಗಳ ಪಾಲು ವಾಪಸ್ ಕೊಟ್ಟೆವು. ಈಗಲೂ ಸಿಕ್ಕಿದರೆ ಮಾತಾಡುತ್ತಾರೆ. ಇನ್ನು ಕೆಲವರು ತಾವಾಗಿಯೇ ನಿಂತರು. ಅಪ್‌ಲೈನ್ ಸರ್‌ಗೆ ಇದು ಹಿಡಿಸಲಿಲ್ಲ. ನಮ್ಮ ಟೀಮು ಅರ್ಧಕ್ಕೆ ಇಳಿಯಿತು.

ಹೊಸ ಜಾಹೀರಾತಿನಲ್ಲಿ ಎಣ್ಣೆ, ಟೀ ಪುಡಿಯ ಚಿತ್ರ, ಬೆಲೆ, ಕಂಪನಿಯ ಹೆಸರು, ಕೆಳಗೆ "ಮಾರಲು ಇಷ್ಟವಿದ್ದವರು ವಿವರ ಕೇಳಬಹುದು, ಇದು ಸಂಬಳದ ಕೆಲಸವಲ್ಲ" ಎಂದು ಒಂದು ಸಾಲು. ಫಾರ್ಮ್ ತುಂಬುವವರು ತುಂಬಾ ಕಮ್ಮಿಯಾದರು. ಆದರೆ ಫೋನ್ ಮಾಡಿದರೆ ಅವರಿಗೆ ವಿಷಯ ಗೊತ್ತಿರುತ್ತಿತ್ತು. ಸಂಬಳ ಎಷ್ಟು ಎಂದು ಕೇಳುವವರು ನಿಂತೇ ಹೋದರು. ನನ್ನ ದನಿಯಲ್ಲಿ ಇದ್ದ ಅಳುಕೂ ಹೋಯಿತು.

ಸರದಿಯ ನಿಜವಾದ ಉಪಯೋಗ ನನಗೆ ಗೊತ್ತಾದದ್ದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮೀನಿಗೆ ಮೊಟ್ಟೆ ಇಡುವ ಕಾಲ, ಕಡಲೂ ಪ್ರಕ್ಷುಬ್ಧ. ಮಲ್ಪೆ ಬಂದರಿನಲ್ಲಿ ಬೋಟುಗಳೆಲ್ಲ ದಡದಲ್ಲಿ ನಿಲ್ಲುತ್ತವೆ. ಬೋಟಿಗೆ ಹೋಗುವವರು, ಐಸ್ ಹಾಕುವವರು, ಮೀನು ಒಣಗಿಸುವ ಹೆಂಗಸರು ಯಾರ ಕೈಯಲ್ಲೂ ದುಡ್ಡು ಓಡಾಡುವುದಿಲ್ಲ. ಮಲ್ಪೆಯ ಅಕ್ಕನ ಗ್ರಾಹಕರು ಇವರೇ. ಆದರೆ ಕಂಪನಿಯ ಲೆಕ್ಕಕ್ಕೆ ಮಳೆಗಾಲ ಗೊತ್ತಿಲ್ಲ. ತಿಂಗಳಿಗೆ ಇಷ್ಟು ಪಾಯಿಂಟ್ ಖರೀದಿ ಆಗದಿದ್ದರೆ ಆ ಐಡಿ ಆ್ಯಕ್ಟಿವ್ ಅಲ್ಲ, ಕೆಳಗಿನವರ ಮಾರಾಟದ ಕಮಿಷನ್ ಬರುವುದಿಲ್ಲ.

ಇಂಥ ಹೊತ್ತಿನಲ್ಲಿ ಹೆಚ್ಚಿನ ಕಡೆ ಏನು ಮಾಡುತ್ತಾರೆ ಎಂದರೆ ತಮ್ಮ ದುಡ್ಡಿನಿಂದ ಸಾಮಾನು ತೆಗೆದು ಮನೆಯಲ್ಲಿ ಪೇರಿಸುತ್ತಾರೆ. ಮಂಚದ ಕೆಳಗೆ ಡಬ್ಬಗಳು ಕೂತುಕೊಳ್ಳುತ್ತವೆ. ಅಕ್ಕನೂ ಹಾಗೆ ಮಾಡಲು ಹೊರಟಿದ್ದರು, ಸೊಸೈಟಿಯಿಂದ ಸಾಲ ಕೇಳುವ ಯೋಚನೆಯೂ ಇತ್ತು. ನಾನು ಬೇಡ ಅಕ್ಕ ಎಂದು ತಡೆದೆ. ಆ ತಿಂಗಳ ಕಮಿಷನ್ ಹೋದರೆ ಹೋಗಲಿ, ಸಾಲ ಬೇಡ ಎಂದೆ. ಆಮೇಲೆ ಕಾಪುವಿನ ಹುಡುಗನೇ ಒಂದು ದಾರಿ ತೋರಿಸಿದ. ಜಾಹೀರಾತು ನೋಡಿ ಬೆಂಗಳೂರು, ಮುಂಬೈಯಿಂದ ಎಣ್ಣೆ ಕೇಳುವವರು ಇರುತ್ತಾರಲ್ಲ, ಅವರು ಸೇರುವವರಲ್ಲ, ಬರೀ ಗ್ರಾಹಕರು. ಆನ್‌ಲೈನ್‌ನಲ್ಲಿ ಆರ್ಡರ್ ಹಾಕಿದರೆ ಕಂಪನಿಯೇ ಕೊರಿಯರ್ ಮಾಡುತ್ತದೆ. ಮಳೆಗಾಲದ ಎರಡು ತಿಂಗಳು ಅಂಥ ಹೆಸರುಗಳ ಸರದಿ ಮೊದಲು ಮಲ್ಪೆಯ ಅಕ್ಕನಿಗೆ ಎಂದು ಎಲ್ಲರೂ ಒಪ್ಪಿದೆವು. ಅಕ್ಕ ಒಬ್ಬೊಬ್ಬರಿಗೂ ಫೋನ್ ಮಾಡಿದರು. ಮುಂಬೈಯವರಲ್ಲಿ ಕೆಲವರು ನಮ್ಮ ಕಡೆಯವರೇ, ಹೋಟೆಲಿನವರು. ತುಳುವಿನಲ್ಲಿ ಮಾತು ಶುರುವಾದರೆ ನಿಲ್ಲುತ್ತಿರಲಿಲ್ಲ. ಅವರಲ್ಲಿ ಹಲವರು ಇವತ್ತಿಗೂ ಅಕ್ಕನ ಗ್ರಾಹಕರು.

ಅಲ್ಲಿಂದ ನಮ್ಮ ಸರದಿ ಎರಡು ಪಟ್ಟಿ ಆಯಿತು. ಒಂದು ಗ್ರಾಹಕರದ್ದು, ಒಂದು ಸೇರುವವರದ್ದು. ಗ್ರಾಹಕರ ಪಟ್ಟಿಯೇ ಯಾವಾಗಲೂ ಉದ್ದ. ಸೇರುತ್ತೇನೆ ಎನ್ನುವವರಿಗೆ ಫಾರ್ಮ್ ಕಳಿಸುವ ಮೊದಲು ನಮ್ಮ ಕಳೆದ ತಿಂಗಳ ಲೆಕ್ಕ ಕಳಿಸುತ್ತೇವೆ. ಹೆಸರು ಇರುವುದಿಲ್ಲ. ಯಾರ ಮಾರಾಟ ಎಷ್ಟು, ಮಾರುವ ಬೆಲೆಗೂ ನಾವು ಕೊಳ್ಳುವ ಬೆಲೆಗೂ ಇರುವ ವ್ಯತ್ಯಾಸದಿಂದ ಎಷ್ಟು ಬಂತು, ಕೆಳಗಿನವರಿಂದ ಎಷ್ಟು ಬಂತು, ಜಾಹೀರಾತಿಗೆ, ರೀಚಾರ್ಜಿಗೆ, ಕೊರಿಯರಿಗೆ ಎಷ್ಟು ಹೋಯಿತು, ಕೊನೆಗೆ ಉಳಿದದ್ದು ಎಷ್ಟು. ನನ್ನ ಸಾಲಿನಲ್ಲಿ ಹೆಚ್ಚಿನ ತಿಂಗಳು ಎರಡು ಸಾವಿರದ ಆಸುಪಾಸು ಉಳಿಯುತ್ತದೆ. ಅದರಲ್ಲಿ ದೊಡ್ಡ ಪಾಲು ನಾನೇ ಮಾರಿದ್ದು. ಕಮಿಷನ್ ಕೊಡುವಾಗಲೇ ಹಿಡಿಯುವ ತೆರಿಗೆ, ಟಿಡಿಎಸ್, 2024ರ ಅಕ್ಟೋಬರಿನಿಂದ ಶೇ 5ರಿಂದ 2ಕ್ಕೆ ಇಳಿದಿದೆ. ಪ್ಯಾನ್ ಕೊಡದಿದ್ದರೆ ಶೇ 20 ಹಿಡಿಯುತ್ತಾರೆ, ಅದನ್ನೂ ಹೇಳುತ್ತೇವೆ. ಲೆಕ್ಕ ನೋಡಿದ ಮೇಲೆ ಬೇಡ ಎನ್ನುವವರು ಬಹಳ. ಅವರಲ್ಲಿ ಕೆಲವರು ಗ್ರಾಹಕರಾಗಿ ಉಳಿಯುತ್ತಾರೆ.

ಸೇರಿದ ಮೇಲೂ ಬೇಡ ಅನ್ನಿಸಿದರೆ ಹೊರಗೆ ಹೋಗುವ ದಾರಿ ಮೊದಲ ದಿನವೇ ಹೇಳಿಕೊಡುತ್ತೇವೆ. ಕರಾರಿಗೆ ಸಹಿ ಹಾಕಿದ ಮೇಲೆ ಕೂಲಿಂಗ್ ಆಫ್ ಅವಧಿ ಎಂದು ಇರುತ್ತದೆ, ಅಷ್ಟರೊಳಗೆ ದಂಡ ಇಲ್ಲದೆ ಬಿಡಬಹುದು. ಮಣಿಪಾಲದ ಒಬ್ಬ ಹುಡುಗಿ ಹಾಗೆ ಬಿಟ್ಟಳು. ತೆರೆಯದ ಪ್ಯಾಕೆಟ್ ವಾಪಸ್ ಕಳಿಸುವ ಅರ್ಜಿಯನ್ನು ಅವಳ ಜೊತೆ ಕೂತು ನಾನೇ ತುಂಬಿಸಿದೆ. ದುಡ್ಡು ಬಂತು. ಕಂಪನಿಯವರು ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು ಎಂದೂ ಎಲ್ಲರಿಗೂ ಹೇಳಿಟ್ಟಿದ್ದೇವೆ.

ಪಿಗ್ಮಿ ಕಟ್ಟುವವರ ವಿಷಯದಲ್ಲಿ ನನ್ನ ಗೆರೆ ಹಾಗೆಯೇ ಉಂಟು. ಹಣ್ಣಿನ ಗಾಡಿಯವರು ಒಮ್ಮೆ ಅವರಾಗಿಯೇ "ಅಕ್ಕ, ನೀವು ಎಣ್ಣೆ ಮಾರ್ತೀರಂತೆ?" ಎಂದು ಕೇಳಿದರು. ಲಿಂಕ್ ಕೊಟ್ಟೆ, ಮಾಸ್ಟ್ರ ಲಿಂಕ್. ನನ್ನದಲ್ಲ.

ಈಗ ಅಪ್‌ಲೈನ್ ಸರ್ ಹೊಸ ಪ್ರಸ್ತಾಪ ಇಟ್ಟಿದ್ದಾರೆ. ರಾಜ್ಯದ ಎಲ್ಲ ಟೀಮುಗಳನ್ನೂ ಸೇರಿಸಿ ಒಂದೇ ರೊಟೇಟರ್, ಒಂದೇ ಪುಟ, ಒಂದೇ ಜಾಹೀರಾತು. ತಲಾ ಖರ್ಚು ಕಮ್ಮಿ, ಹೆಸರು ಜಾಸ್ತಿ. ಕಾಪುವಿನ ಹುಡುಗನಿಗೆ ಮನಸ್ಸುಂಟು. ನೂರಾರು ಜನರ ಶೀಟು ನಡೆಸಲು ಅವನಿಗೆ ಬರುತ್ತದೆ, ಅವನ ಕೈಚಳಕಕ್ಕೆ ಅದು ಒಳ್ಳೆಯ ಅವಕಾಶವೇ. ನಾನು ಮೂರು ಪ್ರಶ್ನೆ ಬರೆದು ಸರ್‌ಗೆ ಕಳಿಸಿದ್ದೇನೆ. ಹತ್ತು ಗ್ರಾಹಕರ ನಿಯಮ ಎಲ್ಲರಿಗೂ ಇರುತ್ತದಾ? ಬೀದರಿನಲ್ಲಿ ಒಬ್ಬರು ಸೇರಿದರೆ ಆರು ತಿಂಗಳು ಅವರ ಫೋನ್ ತೆಗೆಯುವವರು ಯಾರು? ತಿಂಗಳ ಲೆಕ್ಕದ ಶೀಟನ್ನು ಸೇರುವವರಿಗೆ ಮೊದಲೇ ತೋರಿಸುತ್ತೀರಾ? ಉತ್ತರ ಇನ್ನೂ ಬಂದಿಲ್ಲ. ಮೂರರಲ್ಲಿ ಒಂದಕ್ಕೆ ಇಲ್ಲ ಎಂದರೂ ನಾನು ನಮ್ಮ ಚಿಕ್ಕ ಪಟ್ಟಿಯಲ್ಲೇ ಉಳಿಯುತ್ತೇನೆ. ಮಾಸ್ಟ್ರು, ಬ್ರಹ್ಮಾವರದ ಅಕ್ಕ, ಮಲ್ಪೆಯ ಅಕ್ಕ ಮೂವರೂ ಹಾಗೆಯೇ ಹೇಳಿದ್ದಾರೆ. ಹುಡುಗ ಮುಂದಿನ ಭಾನುವಾರ ಹೇಳುತ್ತೇನೆ ಎಂದಿದ್ದಾನೆ.